ಆಡಿಟ್ ಆಯ್ತು, ಆಮೇಲೇನು?

ಕಳೆದ ಸಂಚಿಕೆಯಲ್ಲಿ ಸರ್ಕಾರಿ ಆಡಿಟ್ ಬಗ್ಗೆ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಳ್ಳಿಗಳಿಂದ ಬಂದವೇ ಜಾಸ್ತಿ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು, ಹಾಗಾಗಿ ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ನಮ್ಮ ಓಣಿಯ ಚರಂಡಿ ಅರ್ಧಕ್ಕೇ ನಿಂತಿದೆ, ಬಿಲ್ ಮಾತ್ರ ಪೂರ್ತಿ ಆಗಿದೆ ಅಂತ ಸುದ್ದಿ. ಪಂಚಾಯ್ತಿಯಲ್ಲಿ ಕೇಳಿದರೆ ‘ಆಡಿಟ್ ಆಗಿದೆಯಮ್ಮ, ಎಲ್ಲ ಸರಿ ಇದೆ’ ಅನ್ನುತ್ತಾರೆ. ಆಡಿಟ್ ವರದಿಯನ್ನು ನಮ್ಮಂಥವರು ನೋಡಬಹುದಾ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ನೋಡಬಹುದಮ್ಮ. ಅದು ನಿಮ್ಮ ಹಕ್ಕು.

ಮೊದಲು ಒಂದು ಮಾತು. ‘ಆಡಿಟ್ ಆಗಿದೆ’ ಅಂದ ಮಾತ್ರಕ್ಕೆ ‘ಎಲ್ಲ ಸರಿ ಇದೆ’ ಅಂತ ಆಗುವುದಿಲ್ಲ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ನಿಮ್ಮ ಪಂಚಾಯ್ತಿಗೆ ಬಂದಾಗ ಕ್ಯಾಶ್ ಬುಕ್, ವೋಚರ್, ಬ್ಯಾಂಕ್ ಪಾಸ್ ಬುಕ್, ಕ್ರಿಯಾ ಯೋಜನೆ, ಅಳತೆ ಪುಸ್ತಕ ಎಲ್ಲ ತರಿಸಿ ನೋಡುತ್ತಾರೆ. ಸರಿಯಿಲ್ಲ ಅಂತ ಕಂಡಿದ್ದನ್ನು ಆಕ್ಷೇಪಣೆ ಅಂತ ಬರೆಯುತ್ತಾರೆ. ಇದನ್ನೇ ಆಫೀಸಿನವರು ‘ಪ್ಯಾರಾ ಬಿದ್ದಿದೆ’ ಅನ್ನುವುದು. ಅದಕ್ಕೆ ಪಂಚಾಯ್ತಿಯವರು ಅನುಪಾಲನಾ ವರದಿ ಕೊಡಬೇಕು. ಕೊಟ್ಟ ಉತ್ತರ ಒಪ್ಪಿಗೆಯಾದರೆ ಪ್ಯಾರಾ ತೀರುತ್ತದೆ, ಇಲ್ಲದಿದ್ದರೆ ಬಾಕಿ ಉಳಿಯುತ್ತದೆ. ವರ್ಷಗಟ್ಟಲೆ ಬಾಕಿ ಉಳಿದ ಪ್ಯಾರಾಗಳೂ ಇರುತ್ತವೆ. ಅಷ್ಟರಲ್ಲಿ ಅದಕ್ಕೆ ಸಂಬಂಧಪಟ್ಟವರು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗಿರುತ್ತಾರೆ. ಹಾಗಾಗಿ ‘ಆಡಿಟ್ ಆಯ್ತಾ?’ ಅಂತ ಕೇಳಿ ಸುಮ್ಮನಾಗಬೇಡಿ. ‘ಎಷ್ಟು ಪ್ಯಾರಾ ಬಾಕಿ ಇವೆ, ಅದರಲ್ಲಿ ವಸೂಲಿ ಮಾಡಬೇಕು ಅಂತ ಬರೆದಿದ್ದು ಎಷ್ಟು, ವಸೂಲಾಗಿದ್ದು ಎಷ್ಟು?’ ಅಂತ ಕೇಳಿ.

ಈಗ ನಿಮ್ಮ ಚರಂಡಿಗೆ ಬರೋಣ. ಕಾಮಗಾರಿಯ ಬಿಲ್ ಆಗುವುದೇ ಅಳತೆ ಪುಸ್ತಕದ ಮೇಲೆ. ಆಫೀಸಿನಲ್ಲಿ ಎಂ.ಬಿ. ಅನ್ನುತ್ತಾರೆ. ಎಂಜಿನಿಯರು ಜಾಗಕ್ಕೆ ಬಂದು ಉದ್ದ, ಅಗಲ, ಆಳ ಅಳೆದು, ತಾರೀಖು ಹಾಕಿ, ಸಹಿ ಮಾಡಿ ಬರೆದಿರಬೇಕು. ಆ ಪುಟದ ನಕಲನ್ನೂ ಆಡಿಟ್ ವರದಿಯ ನಕಲನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಕಲು ಕೈಗೆ ಬಂದ ಮೇಲೆ ಸಂಘದ ನಾಲ್ಕು ಜನ ಸೇರಿ, ಒಂದು ಟೇಪು ಹಿಡಿದು, ಚರಂಡಿ ಶುರುವಾಗುವ ಮನೆಯಿಂದ ನಿಂತ ಮನೆಯವರೆಗೆ ಅಳೆಯಿರಿ. ಪುಸ್ತಕದಲ್ಲಿ 120 ಮೀಟರ್ ಅಂತ ಇದ್ದು ನಿಮ್ಮ ಟೇಪಿಗೆ 65 ಸಿಕ್ಕಿದರೆ ಬೇರೆ ವಾದವೇ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬರೀ ಕಾಗದ ಕೇಳುವ ಹಕ್ಕಷ್ಟೇ ಇರುವುದಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕಿದೆ, ಅಲ್ಲಿ ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇನ್ನೊಂದು ದಾರಿ ಜಮಾಬಂದಿ. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಇದು ನಡೆಯಬೇಕು. ಹಿಂದಿನ ವರ್ಷದ ಜಮಾ-ಖರ್ಚು, ಮಾಡಿದ ಕಾಮಗಾರಿ ಎಲ್ಲವನ್ನೂ ಜನರ ಮುಂದೆ ಇಟ್ಟು ನೋಡುವ ದಿನ ಅದು. ಎಷ್ಟೋ ಕಡೆ ಹತ್ತು ಜನರ ಸಹಿ ಹಾಕಿಸಿ ಮುಗಿಸಿಬಿಡುತ್ತಾರೆ. ನೀವು ಸಂಘದವರೆಲ್ಲ ಹೋಗಿ ಕೂತರೆ ಹಾಗೆ ಮುಗಿಸುವುದು ಅಷ್ಟು ಸುಲಭವಲ್ಲ. ಟೇಪಿನ ಅಳತೆ ಬರೆದ ಕಾಗದ ಕೈಯಲ್ಲಿರಲಿ. ಏನು ಕೇಳಿದಿರಿ ಅನ್ನುವುದನ್ನು ನಡಾವಳಿಯಲ್ಲಿ ಬರೆಸದೆ ಎದ್ದು ಬರಬೇಡಿ. ನಡಾವಳಿಯಲ್ಲಿ ಬರೆದಿದ್ದು ಮುಂದಿನ ವರ್ಷ ಬರುವ ಆಡಿಟರ್ ಕಣ್ಣಿಗೂ ಬೀಳುತ್ತದೆ.

ಪ್ರಶ್ನೆ: ನಾನು ಎಂ.ಕಾಂ. ವಿದ್ಯಾರ್ಥಿ. ಸೆಮಿನಾರಿಗೆ ‘ಅಭಿವೃದ್ಧಿಶೀಲ ದೇಶಗಳ ಸುಸ್ಥಿರ ಆಡಳಿತದಲ್ಲಿ ಸರ್ಕಾರಿ ಲೆಕ್ಕಪರಿಶೋಧಕರ ಪಾತ್ರ’ ಅನ್ನುವ ವಿಷಯ ಕೊಟ್ಟಿದ್ದಾರೆ. ಪುಸ್ತಕದಲ್ಲಿ ಬರೀ ‘ಮಹತ್ವದ್ದು’ ಅಂತ ಬರೆದಿದೆ. ಆಡಿಟ್‌ನಿಂದ ನಿಜವಾಗಿ ಏನಾದರೂ ಬದಲಾಗುತ್ತಾ? ಅದಕ್ಕೆ ಪುರಾವೆ ಇದೆಯಾ?
— ಓದುಗರು, ಶಿವಮೊಗ್ಗ

ಉತ್ತರ: ಪುರಾವೆ ಇದೆ, ಅದೂ ಗಟ್ಟಿಯಾದದ್ದು. ಇಂಡೋನೇಷ್ಯಾದಿಂದ ಶುರುಮಾಡಿ.

ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ 2003-04ರಲ್ಲಿ ಜಾವಾ ದ್ವೀಪದ 608 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಅಲ್ಲೆಲ್ಲ ಸರ್ಕಾರಿ ದುಡ್ಡಿನಲ್ಲಿ ಹಳ್ಳಿ ರಸ್ತೆ ಆಗುತ್ತಿತ್ತು. ಮಾಮೂಲಿಯಾಗಿ ಸರ್ಕಾರಿ ಆಡಿಟರ್ ಬರುವ ಸಾಧ್ಯತೆ ಶೇ 4ರಷ್ಟು. ಅಂದರೆ ಬರುವುದೇ ಇಲ್ಲ ಅಂತ ಇಟ್ಟುಕೊಳ್ಳಿ. ಆರಿಸಿದ ಕೆಲವು ಹಳ್ಳಿಗಳಿಗೆ ಮಾತ್ರ ‘ನಿಮ್ಮಲ್ಲಿಗೆ ಆಡಿಟ್ ಬಂದೇ ಬರುತ್ತದೆ’ ಅಂತ ಕೆಲಸ ಶುರುವಾಗುವ ಮೊದಲೇ ಹೇಳಿದರು. ರಸ್ತೆ ಮುಗಿದ ಮೇಲೆ ಬೇರೆ ಎಂಜಿನಿಯರುಗಳು ಹೋಗಿ, ರಸ್ತೆಯನ್ನು ಅಲ್ಲಲ್ಲಿ ಅಗೆದು, ಎಷ್ಟು ಜಲ್ಲಿ, ಎಷ್ಟು ಮರಳು ಬಿದ್ದಿದೆ ಅಂತ ಅಳೆದರು. ಅಂಗಡಿಯವರ ಹತ್ತಿರ ದರ ವಿಚಾರಿಸಿದರು. ಊರವರನ್ನು ಕೂಲಿ ಎಷ್ಟು ಸಿಕ್ಕಿತು ಅಂತ ಕೇಳಿದರು. ಆಮೇಲೆ ಅದನ್ನೆಲ್ಲ ಕೂಡಿ, ತೋರಿಸಿದ ಖರ್ಚಿನ ಪಕ್ಕದಲ್ಲಿ ಇಟ್ಟರು. ಆಡಿಟ್ ಖಚಿತ ಅಂತ ಗೊತ್ತಿದ್ದ ಹಳ್ಳಿಗಳಲ್ಲಿ, ಲೆಕ್ಕಕ್ಕೆ ಸಿಗದೆ ಹೋದ ದುಡ್ಡಿನ ಪಾಲು ಒಟ್ಟು ಖರ್ಚಿನ ಶೇಕಡಾ 8 ಅಂಶದಷ್ಟು ಕಡಿಮೆ ಇತ್ತು.

ಅದೇ ಪ್ರಯೋಗದ ಇನ್ನೊಂದು ಭಾಗ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೆಲವು ಹಳ್ಳಿಗಳಲ್ಲಿ ಲೆಕ್ಕ ಕೇಳುವ ಸಭೆಗೆ ಜನರನ್ನು ಹೆಚ್ಚು ಸಂಖ್ಯೆಯಲ್ಲಿ ಕರೆದರು. ಅಲ್ಲಿ ಕೂಲಿ ದುಡ್ಡಿನ ಕಳ್ಳತನ ಕಡಿಮೆಯಾಯಿತು, ಆದರೆ ಸಾಮಗ್ರಿಯ ಕಳ್ಳತನ ಕಡಿಮೆಯಾಗಲಿಲ್ಲ. ಯಾಕೆ ಅಂತ ಯೋಚಿಸಿ. ಯಾರು ಕೆಲಸಕ್ಕೆ ಬಂದರು, ಯಾರಿಗೆ ಎಷ್ಟು ಕೂಲಿ ಸಿಕ್ಕಿತು ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ರಸ್ತೆಯೊಳಗೆ ಆರಿಂಚು ಜಲ್ಲಿ ಬಿದ್ದಿದೆಯೋ ಮೂರಿಂಚು ಬಿದ್ದಿದೆಯೋ ಅನ್ನುವುದು ಕಣ್ಣಳತೆಗೆ ಸಿಗುವ ವಿಷಯವಲ್ಲ, ಅದಕ್ಕೆ ಅಗೆದು ಅಳೆಯುವವರೇ ಬೇಕು. ಆಡಿಟರ್ ಒಬ್ಬರಿಂದಲೂ ಆಗುವುದಿಲ್ಲ, ಊರವರಿಂದ ಮಾತ್ರವೂ ಆಗುವುದಿಲ್ಲ. ಇಬ್ಬರೂ ಸೇರಿದರೆ ಮಾತ್ರ ತಪ್ಪಿಸಿಕೊಳ್ಳುವುದು ಕಷ್ಟ. ನಿಮ್ಮ ಸೆಮಿನಾರಿನಲ್ಲಿ ಒಂದೇ ಮಾತು ಹೇಳಲು ಸಮಯವಿದ್ದರೆ ಇದನ್ನು ಹೇಳಿ.

ಬ್ರೆಜಿಲ್ ನೋಡಿ. 2003ರಿಂದ ಅಲ್ಲಿ ಲಾಟರಿ ಎತ್ತಿ ಪುರಸಭೆಗಳನ್ನು ಆರಿಸಿ, ಕೇಂದ್ರ ಸರ್ಕಾರದ ದುಡ್ಡು ಹೇಗೆ ಖರ್ಚಾಯಿತು ಅಂತ ಆಡಿಟ್ ಮಾಡತೊಡಗಿದರು. ಲಾಟರಿ ಆದ್ದರಿಂದ ‘ನಮ್ಮ ಪಕ್ಷದವರನ್ನು ಬೇಕಂತಲೇ ಹಿಡಿದರು’ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ವರದಿ 2004ರ ಚುನಾವಣೆಗೆ ಮೊದಲು ಹೊರಬಂದ ಊರುಗಳಲ್ಲಿ, ಅಕ್ರಮ ಜಾಸ್ತಿ ಕಂಡ ಮೇಯರ್‌ಗಳು ಮತ್ತೆ ಗೆಲ್ಲುವುದು ಕಡಿಮೆಯಾಯಿತು. ಸ್ಥಳೀಯ ರೇಡಿಯೊ ಇದ್ದ ಊರುಗಳಲ್ಲಂತೂ ಇನ್ನೂ ಕಡಿಮೆ. ಅದೇ ವರದಿ, ಅದೇ ಅಂಕಿ. ವ್ಯತ್ಯಾಸ ಇಷ್ಟೇ: ಒಂದು ಕಡೆ ಜನರ ಕಿವಿಗೆ ಬಿತ್ತು, ಇನ್ನೊಂದು ಕಡೆ ಬೀಳಲಿಲ್ಲ.

‘ಸುಸ್ಥಿರ’ ಅನ್ನುವ ಭಾಗಕ್ಕೆ ನಮ್ಮ ಸಿಎಜಿಯದ್ದೇ ಉದಾಹರಣೆಗಳಿವೆ. ಸಿಎಜಿ ಅಂದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಲೆಕ್ಕ ನೋಡುವ ಭಾರತದ ಮಹಾಲೆಕ್ಕಪರಿಶೋಧಕರು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ನಮ್ಮ ಸರ್ಕಾರಗಳು ಎಷ್ಟು ತಯಾರಾಗಿವೆ ಅಂತ ಅವರು ಆಡಿಟ್ ಮಾಡಿ 2019ರಲ್ಲಿ ವರದಿ ಕೊಟ್ಟಿದ್ದಾರೆ. ಪರಿಸರ ಆಡಿಟ್ ಕಲಿಸಲಿಕ್ಕೆಂದೇ ಜೈಪುರದಲ್ಲಿ ಅವರದೊಂದು ಅಂತರರಾಷ್ಟ್ರೀಯ ಕೇಂದ್ರವಿದೆ. ಬೇರೆ ದೇಶಗಳ ಆಡಿಟರ್‌ಗಳೂ ಅಲ್ಲಿಗೆ ಬಂದು ಕಲಿಯುತ್ತಾರೆ. ಇದರ ಬಗ್ಗೆ ಮುಂದಿನ ಉತ್ತರವನ್ನೂ ಓದಿ.

ಪ್ರಶ್ನೆ: ಬೆಂಗಳೂರಿನ ರಾಜಕಾಲುವೆಗಳ ಬಗ್ಗೆ ಸಿಎಜಿ 2021ರಲ್ಲೇ ವರದಿ ಕೊಟ್ಟಿತ್ತು ಅಂತ ಓದಿದೆ. 2022ರ ಮಳೆಗೆ ನಮ್ಮ ಮನೆಯೊಳಗೆ ಸೊಂಟದವರೆಗೆ ನೀರು ನಿಂತಿತ್ತು. ಮೊದಲೇ ಗೊತ್ತಿದ್ದೂ ಯಾಕೆ ಏನೂ ಆಗಲಿಲ್ಲ? ಹಾಗಾದರೆ ಈ ಆಡಿಟ್‌ಗೆ ಏನರ್ಥ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ.

ಆ ವರದಿ 2021ರ ಸೆಪ್ಟೆಂಬರ್‌ನಲ್ಲಿ ವಿಧಾನಮಂಡಲದ ಮುಂದೆ ಬಂತು. ಅದರಲ್ಲಿದ್ದ ಒಂದು ಲೆಕ್ಕ ಕೇಳಿ. 1900ರ ದಶಕದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಕಾಲುವೆ ಇತ್ತು, 2016-17ರ ಹೊತ್ತಿಗೆ ಉಳಿದದ್ದು 62.84. ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 111.72ಕ್ಕೆ ಇಳಿದಿತ್ತು. ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ ಕಾಲುವೆ ಊರಿನ ನಕ್ಷೆಯಿಂದಲೇ ಮಾಯ. ಬೀಳುವ ಮಳೆ ಅಷ್ಟೇ ಇದೆ, ಹರಿಯುವ ದಾರಿ ಅರ್ಧ ಆಗಿದೆ. ಒಂದು ವರ್ಷ ಕಳೆದು 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಓಡಾಡಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಯಾಕೆ ಏನೂ ಆಗಲಿಲ್ಲ ಅಂದರೆ, ನಮ್ಮ ಸಿಎಜಿಗೆ ಹೇಳುವ ಅಧಿಕಾರವಿದೆ, ಮಾಡಿಸುವ ಅಧಿಕಾರವಿಲ್ಲ. ರಾಜ್ಯದ ವರದಿ ರಾಜ್ಯಪಾಲರಿಗೆ ಹೋಗಿ, ಅಲ್ಲಿಂದ ಸದನದ ಮುಂದೆ ಬರುತ್ತದೆ. ಆಮೇಲೆ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಕೈಗೆತ್ತಿಕೊಂಡು ಅಧಿಕಾರಿಗಳನ್ನು ಕರೆಸಿ ಕೇಳಬೇಕು. ಸದನದ ಮುಂದೆ ಇಂತಿಷ್ಟು ದಿನದೊಳಗೆ ಇಡಬೇಕು ಅಂತ ಸಂವಿಧಾನದ 151ನೇ ವಿಧಿಯಲ್ಲಿ ಗಡುವೇ ಇಲ್ಲ. ಈ ಒಂದು ಸಂದಿಯಲ್ಲಿ ಎಷ್ಟೋ ವರದಿಗಳು ಹಳೆಯದಾಗಿವೆ. ದೆಹಲಿಯಲ್ಲಿ ಬಾಕಿ ಉಳಿದಿದ್ದ 14 ಸಿಎಜಿ ವರದಿಗಳು, 2025ರಲ್ಲಿ ಸರ್ಕಾರ ಬದಲಾದ ಮೇಲೆಯೇ ಒಂದೊಂದಾಗಿ ವಿಧಾನಸಭೆಗೆ ಬಂದದ್ದು. ಯಾವ ಪಕ್ಷ ಆಳಿದರೂ ಇದು ತಪ್ಪು. ಗಡುವು ಕಾನೂನಿನಲ್ಲೇ ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಬಿಹಾರದ ಮೇವು ಹಗರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದನಗಳ ಮೇವಿನ ಹೆಸರಲ್ಲಿ ಸುಳ್ಳು ಬಿಲ್ ಮಾಡಿ ಖಜಾನೆಯಿಂದ ದುಡ್ಡು ಎತ್ತಿದ ಪ್ರಕರಣ ಅದು. ಬಿಹಾರದ ಖಜಾನೆಗಳಿಂದ ತಿಂಗಳ ಲೆಕ್ಕ ಸರಿಯಾಗಿ ಬರುತ್ತಿಲ್ಲ, ಒಳಗೆ ದುಡ್ಡು ದುರುಪಯೋಗ ಆಗುತ್ತಿರಬಹುದು ಅಂತ ಆಗಿನ ಸಿಎಜಿ ಟಿ.ಎನ್. ಚತುರ್ವೇದಿ 1985ರಲ್ಲೇ ಎಚ್ಚರಿಸಿದ್ದರು. ಮುಂದೆ ನಮ್ಮ ರಾಜ್ಯಪಾಲರಾಗಿದ್ದವರು ಇವರೇ. ಹಗರಣ ಬಯಲಿಗೆ ಬಂದದ್ದು 1996ರಲ್ಲಿ, ಚಾಯ್‌ಬಾಸಾದಲ್ಲಿ ಪಶುಸಂಗೋಪನಾ ಇಲಾಖೆ ಕಚೇರಿಯ ಮೇಲೆ ದಾಳಿ ಆದಾಗ. ಅಷ್ಟು ಹೊತ್ತಿಗೆ ಸುಮಾರು 950 ಕೋಟಿ ರೂಪಾಯಿ ಹೋಗಿತ್ತು. ತಿಂಗಳ ಲೆಕ್ಕ ಬರುವುದು ತಡವಾಗುತ್ತಿದೆ ಅನ್ನುವುದು ಆಫೀಸಿನಲ್ಲಿ ಕೂತವರಿಗೆ ಸಣ್ಣ ವಿಷಯ. ಆಡಿಟರ್‌ಗೆ ಅದೇ ಮೊದಲ ಸುಳಿವು.

ಬೇರೆ ದೇಶಗಳು ಇದನ್ನು ಬದಲಾಯಿಸಲು ಹೊರಟಿವೆ. ದಕ್ಷಿಣ ಆಫ್ರಿಕಾದಲ್ಲಿ 2018ರಲ್ಲಿ ಕಾನೂನು ತಿದ್ದಿದರು, 2019ರ ಏಪ್ರಿಲ್ 1ರಿಂದ ಜಾರಿ. ಸರ್ಕಾರಕ್ಕೆ ದೊಡ್ಡ ನಷ್ಟ ತರುವ ಅಕ್ರಮ ಕಂಡರೆ ಅಲ್ಲಿನ ಆಡಿಟರ್ ಜನರಲ್ ಮೊದಲು ಎಚ್ಚರಿಸುತ್ತಾರೆ. ಕೇಳದಿದ್ದರೆ ಇಂಥದ್ದನ್ನು ಮಾಡಲೇಬೇಕು ಅಂತ ಆದೇಶಿಸಬಹುದು. ಅದಕ್ಕೂ ಬಗ್ಗದಿದ್ದರೆ ನಷ್ಟದ ಹಣವನ್ನು ಸಂಬಂಧಪಟ್ಟ ಮುಖ್ಯ ಅಧಿಕಾರಿಯ ಹೆಸರಿಗೇ ಸಾಲವಾಗಿ ಹೊರಿಸುವ ಅಧಿಕಾರವೂ ಇದೆ. ನಮ್ಮಲ್ಲೂ ಇಂಥದ್ದು ಬೇಕಾ? ಎಚ್ಚರಿಸಿ, ಸರಿಪಡಿಸಲು ಸಮಯ ಕೊಟ್ಟು, ಆಮೇಲೆ ಕೇಳುವ ಕ್ರಮ ನಮ್ಮಲ್ಲೂ ಬರಬೇಕು ಅಂತ ನಾನು ಹೇಳುತ್ತೇನೆ. ಸಾಲ ಹೊರಿಸುವ ಅಧಿಕಾರದ ಬಗ್ಗೆ ಮಾತ್ರ ಇನ್ನೂ ಚರ್ಚೆಯಾಗಲಿ.

ಫಿಲಿಪ್ಪೀನ್ಸ್ ಕಥೆ ನಿಮ್ಮದಕ್ಕೆ ಇನ್ನೂ ಹತ್ತಿರ. ಅಲ್ಲಿ 2012ರಲ್ಲಿ ಆಡಿಟ್ ತಂಡದೊಳಗೆ ನಾಗರಿಕರನ್ನೂ ಸೇರಿಸಿಕೊಳ್ಳುವ ಕ್ರಮ ಶುರುಮಾಡಿದರು. ಮೊದಲು ಕೈಗೆತ್ತಿಕೊಂಡದ್ದೇ ಮನಿಲಾ ಪ್ರದೇಶದ ಒಂದು ಪ್ರವಾಹ ತಡೆ ಯೋಜನೆ. ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಅಲ್ಲಿ ವಾಸ ಮಾಡುವವರಿಗೆ ತಾನೇ ಚೆನ್ನಾಗಿ ಗೊತ್ತು? ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಅದೇ ದೇಶದಲ್ಲಿ 2025ರಲ್ಲಿ ಪ್ರವಾಹ ತಡೆ ಕಾಮಗಾರಿಗಳ ದೊಡ್ಡ ಹಗರಣ ಹೊರಬಂತು. ಕಾಗದದಲ್ಲಿ ಮಾತ್ರ ಇದ್ದ ಕಾಮಗಾರಿಗಳೂ ಸಿಕ್ಕವು, ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ನಾಗರಿಕರ ಆಡಿಟ್ ಕೆಲವೇ ಯೋಜನೆಗಳಿಗೆ ಸೀಮಿತವಾದರೆ ಉಳಿದವನ್ನು ನೋಡುವವರಿರುವುದಿಲ್ಲ.

ನಿಮ್ಮ ಬಡಾವಣೆಯ ನಿವಾಸಿಗಳ ಸಂಘ ಒಂದು ಕೆಲಸ ಮಾಡಬಹುದು. ಆ ವರದಿ ಸಿಎಜಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಕಣಿವೆಗೆ ಸಂಬಂಧಪಟ್ಟ ಪುಟಗಳನ್ನು ತೆಗೆದು, ಪ್ರತಿ ಶಿಫಾರಸಿನ ಮುಂದೆ ‘ಇದು ಆಯಿತಾ, ಯಾವಾಗ ಆಯಿತು?’ ಅಂತ ಬರೆದು ನಿಮ್ಮ ಶಾಸಕರಿಗೆ ಕೊಡಿ. ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ.

ಪ್ರಶ್ನೆ: ಸರ್, ನಾನು ಪಿಡಿಒ. ಎಲ್ಲರೂ ನಮ್ಮನ್ನು ಕಳ್ಳರಂತೆ ನೋಡುತ್ತಾರೆ. ಬೇಸಿಗೆಯಲ್ಲಿ ಕೊಳವೆಬಾವಿ ಮೋಟಾರು ಸುಟ್ಟರೆ ಆ ದಿನವೇ ರಿಪೇರಿ ಮಾಡಿಸಬೇಕು, ಜನ ನೀರಿಲ್ಲದೆ ಇರುತ್ತಾರೆ. ಮೂರು ಕೊಟೇಶನ್ ತರಿಸುತ್ತಾ ಕೂರಲು ಆಗಲ್ಲ. ಎರಡು ವರ್ಷ ಆದ ಮೇಲೆ ಬಂದು ಆಕ್ಷೇಪಣೆ ಹಾಕುತ್ತಾರೆ. ಈಗ ಯಾವ ಫೈಲು ಮುಟ್ಟಲೂ ಭಯ.
— ಓದುಗರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಮಾತು ನೂರಕ್ಕೆ ನೂರು ನಿಜ. ಇದನ್ನು ಆಡಿಟ್ ಇಲಾಖೆಯವರೂ ಓದಲಿ ಅಂತಲೇ ಪೂರ್ತಿ ಹಾಕಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದ ಹೆಂಗಸರ ಮುಂದೆ ನಿಂತು ತೆಗೆದುಕೊಂಡ ತೀರ್ಮಾನವನ್ನು, ಎರಡು ವರ್ಷ ಕಳೆದ ಮೇಲೆ ಫ್ಯಾನಿನ ಕೆಳಗೆ ಕೂತು ಅಳೆಯುವುದು ನ್ಯಾಯವಲ್ಲ. ಅವಸರದಲ್ಲಿ ನಿಯಮ ತಪ್ಪಿದ್ದು ಬೇರೆ, ದುಡ್ಡು ತಿಂದಿದ್ದು ಬೇರೆ. ಎರಡನ್ನೂ ಒಂದೇ ಭಾಷೆಯಲ್ಲಿ ಬರೆಯುವ ಆಡಿಟರ್ ತಮ್ಮ ಕೆಲಸವನ್ನು ಅರ್ಧ ಮಾತ್ರ ಮಾಡಿದ್ದಾರೆ.

ನಿಮ್ಮ ರಕ್ಷಣೆ ಟಿಪ್ಪಣಿ ಹಾಳೆಯಲ್ಲಿದೆ. ಆ ದಿನವೇ ಬರೆಯಿರಿ: ಮೋಟಾರು ಯಾವಾಗ ಸುಟ್ಟಿತು, ಎಷ್ಟು ಮನೆಗೆ ನೀರಿಲ್ಲ, ಯಾರು ದೂರು ಕೊಟ್ಟರು, ಕೊಟೇಶನ್ ಯಾಕೆ ಕರೆಯಲಿಲ್ಲ, ದರ ಸರಿ ಅಂತ ಹೇಗೆ ಗೊತ್ತಾಯಿತು. ಸುಟ್ಟ ಮೋಟಾರಿನ ಫೋಟೊ ತೆಗೆದಿಡಿ. ಮುಂದಿನ ಸಭೆಯಲ್ಲೇ ಘಟನೋತ್ತರ ಮಂಜೂರಾತಿ ಪಡೆಯಿರಿ. ಕಾರಣ ಅವತ್ತೇ ಬರೆದಿದ್ದರೆ ಅದಕ್ಕೆ ಬೆಲೆ. ಆಕ್ಷೇಪಣೆ ಬಂದ ಮೇಲೆ ಬರೆದರೆ ಯಾರೂ ನಂಬುವುದಿಲ್ಲ.

ಆಡಿಟರ್‌ಗಳೂ ಒಂದು ವಿಷಯ ನೆನಪಿಡಬೇಕು. ಮೊಬೈಲ್ ಕಂಪನಿಗಳಿಗೆ ತರಂಗಾಂತರ ಹಂಚಿದ್ದರ ಬಗ್ಗೆ ಸಿಎಜಿ ಕೊಟ್ಟ 2010ರ 2ಜಿ ವರದಿ ಅಂದರೆ ಎಲ್ಲರ ಬಾಯಲ್ಲೂ 1.76 ಲಕ್ಷ ಕೋಟಿ ರೂಪಾಯಿ ನಷ್ಟ. ಆ ವರದಿಯಲ್ಲಿ ಬೇರೆ ಬೇರೆ ವಿಧಾನದಲ್ಲಿ ಮಾಡಿದ ಹಲವು ಅಂದಾಜುಗಳಿದ್ದವು, ಅವುಗಳಲ್ಲಿ ಅತಿ ದೊಡ್ಡದು ಇದು. 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿ ರದ್ದು ಮಾಡಿತು, ಹಂಚಿಕೆ ಸರಿಯಿರಲಿಲ್ಲ ಅನ್ನುವುದು ಗಟ್ಟಿಯಾಯಿತು. 2017ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪ ಸಾಬೀತಾಗಿಲ್ಲ ಅಂತ ಎಲ್ಲರನ್ನೂ ಬಿಟ್ಟಿತು. ಹತ್ತಾರು ಪುಟದ ಕೆಲಸ ಒಂದು ಅಂಕಿಯ ಹಿಂದೆ ಮರೆಯಾಯಿತು. ಅಂಕಿಯನ್ನು ಎಷ್ಟು ಗಟ್ಟಿಯಾಗಿ ಹೇಳುತ್ತೇವೋ, ಅದನ್ನು ಹೇಗೆ ಲೆಕ್ಕ ಹಾಕಿದೆವು ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅಲ್ವಾ?

ಪ್ರಶ್ನೆ: ಎಲ್ಲರನ್ನೂ ಆಡಿಟರ್ ನೋಡುತ್ತಾರೆ. ಆಡಿಟರನ್ನು ಯಾರು ನೋಡುತ್ತಾರೆ?
— ಓದುಗರು, ಮಂಡ್ಯ

ಉತ್ತರ: ಬೇರೆ ದೇಶದ ಆಡಿಟರ್‌ಗಳು ಬಂದು ನೋಡುವ ಪದ್ಧತಿ ಇದೆ. 2012ರಲ್ಲಿ ಆಸ್ಟ್ರೇಲಿಯಾದ ನೇತೃತ್ವದ ತಂಡವೊಂದು ನಮ್ಮ ಸಿಎಜಿ ಕೆಲಸವನ್ನು ಪರಿಶೀಲಿಸಿತ್ತು. ನನಗೆ ಅದಕ್ಕಿಂತ ಚಿಂತೆ ಸಿಎಜಿ ನೇಮಕದ್ದು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಇಡೀ ಸಂವಿಧಾನದಲ್ಲಿ ಬಹುಶಃ ಅತಿ ಮುಖ್ಯ ಅಧಿಕಾರಿ ಇವರೇ ಅಂದಿದ್ದರು. ಕೂತ ಮೇಲೆ ಇವರನ್ನು ತೆಗೆಯುವುದು ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ಆದರೆ ಕೂರಿಸುವುದು ಸರ್ಕಾರ ಒಂದೇ, ವಿರೋಧ ಪಕ್ಷಕ್ಕೆ ಅಲ್ಲಿ ಮಾತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸಂಸತ್ತಿನ ಕೆಳಮನೆಯ ಕನಿಷ್ಠ ಶೇ 60ರಷ್ಟು ಸದಸ್ಯರು ಒಪ್ಪಬೇಕು. ಯಾರ ಲೆಕ್ಕ ನೋಡಬೇಕೋ ಅವರೊಬ್ಬರೇ ನೋಡುವವರನ್ನು ಆರಿಸುವುದು ಸರಿಯಲ್ಲ.

ಪ್ರಶ್ನೆ: ನನ್ನ ಮಗಳು ಬಿ.ಎ. ಓದಿದ್ದಾಳೆ. ನಿಮ್ಮ ಲೇಖನ ಓದಿ ಆಡಿಟ್ ಕೆಲಸಕ್ಕೆ ಸೇರಬೇಕು ಅನ್ನುತ್ತಿದ್ದಾಳೆ. ಕಾಮರ್ಸ್ ಓದದವರಿಗೆ ಆಗುತ್ತದಾ?
— ಓದುಗರು, ಕೊಪ್ಪಳ

ಉತ್ತರ: ಆಗುತ್ತದೆ, ಧಾರಾಳವಾಗಿ ಓದಿಸಿ. ಸಿಎಜಿ ಕಚೇರಿಗಳ ಆಡಿಟರ್ ಹುದ್ದೆಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಪದವಿ ಮಟ್ಟದ ಪರೀಕ್ಷೆ ಇದೆ, ಯಾವುದೇ ಪದವಿ ಸಾಕು. ಇನ್ನೂ ಮೇಲಕ್ಕೆ ಹೋಗಬೇಕಾದರೆ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆಯಲ್ಲಿ ಭಾರತೀಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಸೇವೆ ಇದೆ, ಆಯ್ಕೆಯಾದವರಿಗೆ ಶಿಮ್ಲಾದಲ್ಲಿ ತರಬೇತಿ. ಡೆಬಿಟ್ಟು-ಕ್ರೆಡಿಟ್ಟು ಆಮೇಲೆ ಕಲಿತುಕೊಳ್ಳಬಹುದು. ಈಗಿನಿಂದಲೇ ಸಿಎಜಿಯ ಕರ್ನಾಟಕ ವರದಿಗಳನ್ನು ಓದಲಿ. ಕೆಲವು ಕನ್ನಡದಲ್ಲೂ ಸಿಗುತ್ತವೆ. ಕೊಪ್ಪಳದ ಹೆಸರು ಬರುವ ಪ್ಯಾರಾ ಹುಡುಕಿ, ಆ ಕೆರೆಯನ್ನೋ ಹಾಸ್ಟೆಲನ್ನೋ ಒಮ್ಮೆ ಹೋಗಿ ನೋಡಿಕೊಂಡು ಬರಲಿ. ಏನು ಕಂಡಳು ಅಂತ ನನಗೂ ಬರೆಯಲಿ, ಈ ಪುಟದಲ್ಲಿ ಹಾಕೋಣ.